ಗುಂಡಿಯ ಎಡಗಿವಿ

ಅವರ ನಿಜವಾದ ಹೆಸರು ಪ್ರಾಣಿಗಳ ಆಸ್ಪತ್ರೆಯಲ್ಲಿ ಯಾರಿಗೂ ನೆನಪಿಲ್ಲ. ಎಲ್ಲರಿಗೂ ಅವರು ಉಸಿರಣ್ಣ. ಮನುಷ್ಯರ ಆಸ್ಪತ್ರೆಯಲ್ಲಿ ಅರ್ಧ ಆಯುಸ್ಸು ಸಿಟಿ ಸ್ಕ್ಯಾನ್ ಮಾಡುತ್ತ, ಗಾಜಿನ ಹಿಂದೆ ಕೂತು ಮೈಕಿನಲ್ಲಿ "ಉಸಿರು ಬಿಗಿ ಹಿಡೀರಿ... ಈಗ ಬಿಡಿ" ಎಂದುಕೊಂಡು ಬಂದವರು. ಆ ಆಸ್ಪತ್ರೆ ಹಳೆಯ ಯಂತ್ರವನ್ನು ಇಲ್ಲಿಗೆ ಮಾರಿದಾಗ ಇವರೂ ಕೊಸರಿನಂತೆ ಜೊತೆಗೆ ಬಂದರು. ಇಲ್ಲಿನ ರೋಗಿಗಳಿಗೆ ಅರಿವಳಿಕೆ ಕೊಟ್ಟಿರುತ್ತಾರೆ. ಆದರೂ ಗೊರಕೆ ಹೊಡೆಯುವ ನಾಯಿಗೆ ಇವರು "ಉಸಿರು ಬಿಗಿ ಹಿಡೀರಿ" ಎನ್ನುತ್ತಾರೆ. ಬಹುವಚನದಲ್ಲೇ. ಈ ಮರ್ಯಾದೆ ತನಗೆ ಯಾವತ್ತೂ ಸಿಕ್ಕಿಲ್ಲ ಎಂದು ಅವರ ಹೆಂಡತಿಯ ದೂರು.

ಗಿರಾಕಿಗಳು ಬದಲಾದದ್ದು ಯಂತ್ರಕ್ಕೂ ತಿಳಿದಿಲ್ಲ. ಮನುಷ್ಯ ಅಂಗಾತ ಮಲಗುತ್ತಾನೆ. ನಾಯಿಯನ್ನು ಬೋರಲು ಮಲಗಿಸಿ ಗದ್ದದ ಕೆಳಗೆ ಸ್ಪಂಜು ಇಡಬೇಕು. ಪ್ರತಿಸಲವೂ 'ಬೋರಲು' ಎಂದು ತಿಳಿಸದಿದ್ದರೆ ಯಂತ್ರ ಹಳೇ ರೂಢಿಯಂತೆ 'ಅಂಗಾತ' ಎಂದುಕೊಂಡು ಎಡವನ್ನು ಬಲ, ಬಲವನ್ನು ಎಡ ಮಾಡಿಬಿಡುತ್ತದೆ. ಎಡವಟ್ಟು ಎಂಬ ಮಾತು ಹುಟ್ಟಿದ್ದೇ ಇಂಥ ಕಡೆ ಇರಬೇಕು. ಮರೆತಾಗಲೆಲ್ಲ ಉಸಿರಣ್ಣ ಚಿತ್ರವನ್ನು ಕನ್ನಡಿಯಂತೆ ತಿರುಗಿಸುವ ಒಂದು ಬಟನ್ ಒತ್ತಿ ಸರಿಮಾಡಿಕೊಳ್ಳುತ್ತಿದ್ದರು.

ಆ ದಿನ ಟೇಬಲ್ ಮೇಲೆ ಇದ್ದವಳು ಗುಂಡಿ. ಒಬ್ಬ ದರ್ಜಿಯ ಮುದಿ ನಾಯಿ. ಅಂಗಡಿಯಲ್ಲಿ ಉದುರಿದ ಅಂಗಿಗುಂಡಿಗಳನ್ನು ನುಂಗಿಯೇ ಬೆಳೆದದ್ದರಿಂದ ಆ ಹೆಸರು. ಎರಡೂ ಕಿವಿ ಒಂದೇ ಸಮ ಸೋರುತ್ತಿದ್ದವು, ಗಂಟು ಇದ್ದದ್ದು ಒಂದರ ಆಳದಲ್ಲಿ. ಹೃದಯ ದುರ್ಬಲವಾದ್ದರಿಂದ ಒಂದೇ ಅರಿವಳಿಕೆಯಲ್ಲಿ ಸ್ಕ್ಯಾನೂ ಆಗಬೇಕು, ಶಸ್ತ್ರಚಿಕಿತ್ಸೆಯೂ ಮುಗಿಯಬೇಕು. ಗಂಟು ಎಡಗಿವಿಯಲ್ಲಿ ಎಂದಿತು ಚಿತ್ರ. ಪಕ್ಕದ ಶಸ್ತ್ರಚಿಕಿತ್ಸೆ ಕೋಣೆಯಲ್ಲಿ ಡಾಕ್ಟರಮ್ಮ ಎಡಗಿವಿಯ ಸುತ್ತ ಕೂದಲು ಬೋಳಿಸತೊಡಗಿದರು.

ಇತ್ತ ಉಸಿರಣ್ಣನವರ ಕಣ್ಣು ತೆರೆಯ ಮೂಲೆಗೆ ಬಿತ್ತು. 'ಅಂಗಾತ' ಎಂದಿತ್ತು. ಹೋಗಲಿ, ಕನ್ನಡಿ ಬಟನ್ ಒತ್ತಿದ್ದೆನಲ್ಲ? ಒತ್ತಿದ್ದೆ, ನಡುವೆ ಒಂದು ಫೋನ್ ಬಂತಲ್ಲ, ಅದಕ್ಕೂ ಮೊದಲು. ಅಲ್ಲ, ಫೋನ್ ಇಟ್ಟ ಮೇಲೆ. ಎರಡು ಸಲವೂ ಒತ್ತಿದ್ದರೆ ತಪ್ಪು ಮತ್ತೆ ತನ್ನ ಜಾಗಕ್ಕೆ ಬಂದು ಕೂತಿರುತ್ತದೆ. ಇನ್ನೊಮ್ಮೆ ಒತ್ತಿದರು, ಚಿತ್ರ ತಿರುಗಿತು. ಮತ್ತೊಮ್ಮೆ ಒತ್ತಿದರು, ಮರಳಿತು. ಎರಡೂ ಸರಿಯಾಗಿಯೇ ಕಂಡವು. ಎದೆಯ ಚಿತ್ರವಾಗಿದ್ದರೆ ಹೃದಯ ನೋಡಿ ಎಡ ಯಾವುದೆನ್ನಬಹುದಿತ್ತು. ತಲೆಯೊಳಗೆ ಹೃದಯ ಎಲ್ಲಿಂದ ತರುವುದು?

ಓಡಿದರು.

"ಡಾಕ್ಟರಮ್ಮ, ಒಂದ್ನಿಮಿಷ. ಎಡ ಅಂದ್ನಲ್ಲ, ಅದು ಎಡಾನೇ ಇರಬಹುದು."

"ಇರಬಹುದು ಅಂದ್ರೆ?"

"ಬಲಾನೂ ಇರಬಹುದು."

ಡಾಕ್ಟರಮ್ಮ ಕೈಯಲ್ಲಿದ್ದುದನ್ನು ಕೆಳಗಿಟ್ಟರು. "ಮತ್ತೆ ಸ್ಕ್ಯಾನ್ ಮಾಡೋಷ್ಟು ಹೊತ್ತು ಇವಳು ತಡ್ಕೊಳ್ಳಲ್ಲ. ಎರಡೂ ಕಿವಿ ಕೊಯ್ಯಕ್ಕೂ ಆಗಲ್ಲ. ಏನಾದ್ರೂ ಮಾಡಿ, ಬೇಗ."

ಹೊರಗೆ ಬೆಂಚಿನ ಮೇಲೆ ದರ್ಜಿ ಕೂತಿದ್ದರು. "ಯಜಮಾನ್ರೇ, ಗುಂಡಿ ತಲೇಲಿ ಒಂದು ಕಡೆಗೂ ಇನ್ನೊಂದು ಕಡೆಗೂ ಏನಾದ್ರೂ ವ್ಯತ್ಯಾಸ ಇದೆಯಾ? ಮೂಳೇಲಿ, ಹಲ್ಲಲ್ಲಿ?"

"ಮೇಲಿನ ಕೋರೆಹಲ್ಲು ಒಂದಿಲ್ಲ ಸ್ವಾಮಿ. ನನ್ನ ಕತ್ತರಿ ಕಚ್ಕೊಂಡು ಓಡಿ, ಬಿದ್ದು ಮುರ್ಕೊಂಡ್ಳು."

"ಯಾವ ಕಡೆ?"

ದರ್ಜಿ ತಮ್ಮ ಎಡಗೆನ್ನೆ ಮುಟ್ಟಿದರು. ಯೋಚಿಸಿ ಬಲಗೆನ್ನೆ ಮುಟ್ಟಿದರು. "ಎದುರಿಗೆ ನಿಂತು ಅಳತೆ ತಗೊಂಡೂ ತಗೊಂಡೂ ನಂಗೆ ಊರೋರ ಎಡ ಎಲ್ಲ ಬಲ ಆಗೋಗಿದೆ. ನೀವೇ ಬಾಯಿ ಬಿಡ್ಸಿ ನೋಡಬಾರ್ದಾ?"

ನೋಡಿದರು. ಗುಂಡಿಯ ತುಟಿ ಎತ್ತಿದರೆ ಹಲ್ಲಿಲ್ಲದ ಜಾಗ ಎಡಕ್ಕಿತ್ತು. ಗೋಡೆಯ ತೆರೆಯ ಮೇಲಿದ್ದ ಸ್ಕ್ಯಾನ್ ಚಿತ್ರದಲ್ಲಿ ಬಲಕ್ಕಿತ್ತು.

"ಅಂದ್ರೆ ಚಿತ್ರ ಉಲ್ಟಾ," ಎಂದರು ಡಾಕ್ಟರಮ್ಮ. "ಅಂದ್ರೆ ಗಂಟು..." ಕಣ್ಣು ಮುಚ್ಚಿ ಗಾಳಿಯಲ್ಲಿ ಬೆರಳಾಡಿಸಿದರು. "ಬಲ. ಅಲ್ವಾ?"

"ಬಲ," ಎಂದರು ಉಸಿರಣ್ಣ, ತಮ್ಮ ಎಡಗಿವಿ ಹಿಡಿದುಕೊಂಡು.

ಬಲಗಡೆಯೂ ಬೋಳಾಯಿತು. ಕಿವಿಯ ಆಳದಲ್ಲಿ ಕಡಲೆಕಾಳಿನಷ್ಟು ಗಂಟು ಸಿಕ್ಕಿತು.

ಗುಂಡಿ ಕಣ್ಣು ಬಿಟ್ಟಾಗ ದರ್ಜಿ ಅವಳ ತಲೆ ಸವರಿ ಕೇಳಿದರು: "ಎರಡೂ ಕಡೆ ಯಾಕೆ ಬೋಳ್ಸಿದ್ರಿ?"

"ಮೊದಲು ಬೋಳ್ಸಿದ್ದು ತಪ್ಪು ಕಡೆ. ತಪ್ಪು ನಂದು," ಎಂದರು ಉಸಿರಣ್ಣ.

ದರ್ಜಿ ಬೋಳಾದ ಎಡಗಡೆಯನ್ನು ಬೆರಳಿನಿಂದ ಸವರಿದರು. "ಎಡತೋಳು ಬಲಕ್ಕೆ ಹೊಲ್ದಿದ್ದೀನಿ ನಾನೂ. ಆದ್ರೆ ಅದನ್ನ ಬಿಚ್ಚಬಹುದು ಸ್ವಾಮಿ."

ಸಂಜೆ ಡಾಕ್ಟರಮ್ಮ ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ನಿಂತರು. "ಉಸಿರಣ್ಣ, ಇದಕ್ಕೆ ಮುಂಚೆ?"

"ಕೊಯ್ದವೆಲ್ಲ ಸರಿ ಇದ್ವು. ತಪ್ಪಾಗಿದ್ರೆ ಅಲ್ಲೇ ಗೊತ್ತಾಗ್ತಿತ್ತು."

"ಬರೀ ಔಷಧಿ ಕೊಟ್ಟು ಕಳಿಸಿದ್ದು?"

ಉಸಿರಣ್ಣ ಹಳೆಯ ಚಿತ್ರಗಳನ್ನು ತೆಗೆದು ಕೂತರು. ಮೊದಲನೆಯದೇ ಒಂದು ಬೆಕ್ಕು. ಒಂದು ಕಿವಿಗೆ ಮಾತ್ರ ಹನಿ ಬರೆದುಕೊಟ್ಟಿದ್ದರು. ಅದರ ಹಲ್ಲುಗಳೆಲ್ಲ ನೆಟ್ಟಗಿದ್ದವು. ತಿರುಗಿಸಿದರೂ ಬೆಕ್ಕು, ಮರಳಿಸಿದರೂ ಅದೇ ಬೆಕ್ಕು. ಕೊನೆಗೆ ಬೆಕ್ಕಿನ ಮನೆಗೆ ಫೋನ್ ಮಾಡಿದರು.

"ನಮಸ್ಕಾರ ಅಮ್ಮ, ನಿಮ್ಮ ಬೆಕ್ಕಿನ ಕಿವಿ ಈಗ ಹೇಗಿದೆ?"

"ಯಾವ ಕಿವಿ?" ಎಂದಿತು ಆ ಕಡೆಯ ಹೆಣ್ಣುದನಿ.

"ಅದನ್ನೇ ಕೇಳೋಣ ಅಂತ ಫೋನ್ ಮಾಡ್ದೆ," ಎಂದರು ಉಸಿರಣ್ಣ.