ಖಾಲಿ ಕರಡಿಗೆ

ಮಗಳ ಬಟ್ಟೆ ತೆಗೆಯಲು ಬೀರು ತೆರೆದರೆ ವಿಭೂತಿಯ ವಾಸನೆ. ದೊಡ್ಡಪ್ಪ ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂದ ಅವರ ಕರಡಿಗೆ. ಲಿಂಗವನ್ನಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಆ ಬೆಳ್ಳಿಯ ಪುಟ್ಟ ಡಬ್ಬಿ ಈಗ ಖಾಲಿ. ಲಿಂಗ, ನಮ್ಮವರ ಪದ್ಧತಿಯಂತೆ, ದೊಡ್ಡಪ್ಪನ ಎಡ ಅಂಗೈಯಲ್ಲೇ ಸೋಲೂರಿನ ತೋಟದ ಮಣ್ಣಿನಲ್ಲಿದೆ.

ವಾಸನೆ ಬಂದದ್ದು ನಿಜವೋ, ಮೂಗು ಬಯಸಿತೋ, ಹೇಳಲಾರೆ. ಬೆಳಿಗ್ಗೆಯಷ್ಟೇ ದೊಡ್ಡಮ್ಮ ಫೋನ್ ಮಾಡಿದ್ದರು: “ಸೋಮವಾರ ಐನೋರು ಬತ್ತಾರೆ. ಮಗೀಗೆ ಲಿಂಗ ಕಟ್ಟುಸ್ತೀಯೋ ಇಲ್ವೋ, ಒಂದ್ ಮಾತು ಹೇಳ್ಬುಡು.” ನಂಬದೆ ಕಟ್ಟಿಸಿದರೆ ನಾಟಕ, ಕಟ್ಟಿಸದಿದ್ದರೆ ಆ ಮನೆಗೆ ಮೊದಲಿನಂತೆ ಹೋಗಲಾರೆ. ಯೋಚಿಸಿ ಹೇಳುತ್ತೇನೆ ಎಂದಿದ್ದೆ.

ದೊಡ್ಡಪ್ಪ ರಾಮನಗರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ತಿಮಿಂಗಿಲದ ಪೂರ್ವಜರು ನೆಲದ ಮೇಲೆ ನಡೆಯುತ್ತಿದ್ದರೆಂದು ಮಾಗಡಿ ಬಸ್ಸಿನಲ್ಲಿ ಪಕ್ಕ ಕೂತವರಿಗೂ ಬಿಡದೆ ವಿವರಿಸುವವರು. ಅದೇ ಮನುಷ್ಯ ದಿನಾ ಬೆಳಿಗ್ಗೆ ಎಡಗೈಯಲ್ಲಿ ಲಿಂಗ ಹಿಡಿದು ಅಲುಗಾಡದೆ ಕೂರುತ್ತಿದ್ದರು. ಬಿ.ಎಸ್ಸಿ. ಸೇರಿದ ಹೊಸದರಲ್ಲಿ, ಜಗತ್ತೆಲ್ಲ ಬರೀ ಭೌತವಸ್ತು ಎಂದು ನಾನೇ ಕಂಡುಹಿಡಿದ ಗತ್ತಿನಲ್ಲಿ ಕೇಳಿದ್ದೆ: “ದೊಡ್ಡಪ್ಪ, ಕಾಲೇಜಲ್ಲಿ ಹೇಳೋದು ಸುಳ್ಳೋ, ಇದು ಸುಳ್ಳೋ?”

“ಕಲ್ಲು ಅಂತ ನಂಗೂ ಗೊತ್ತು ಕಣವ್ವ. ಆದ್ರೆ ಈ ಕೈ ನೋಡು. ಮೀನಿನ ಈಜುರೆಕ್ಕೆ ಹಿಂಗಾಗೋಕೆ ಎಷ್ಟು ಕಾಲ ಹಿಡೀತೋ! ದಿನವೆಲ್ಲ ಕಿತ್ಕೊಳ್ಳೋದು, ಬಾಚ್ಕೊಳ್ಳೋದೇ ಆಯ್ತು ಇದಕ್ಕೆ. ಒಸಿ ಹೊತ್ತು ಸುಮ್ನೆ ತೆರೆದಿಟ್ಕೊಂಡ್ರೆ ಏನಾಯ್ತದೆ? ನಾನು ನೋಡೋದು ಲಿಂಗಾನೋ ಕೈನೋ, ನಂಗೇ ಗೊತ್ತಿಲ್ಲ.”

ಇದನ್ನು ನೀವು ಪೂರ್ತಿ ನಂಬಬೇಡಿ. ಅಲ್ಲೇ ಇದ್ದ ದೊಡ್ಡಮ್ಮನ ಪ್ರಕಾರ ಅವರು ಹೇಳಿದ್ದು, “ಪೂಜೆ ಹೊತ್ನಲ್ಲಿ ತಲೆ ತಿನ್ಬೇಡ, ಓಗು” ಅಂತಷ್ಟೇ. ನನಗೆ ಬೇಕಾದ ದೊಡ್ಡಪ್ಪನನ್ನು ನಾನೇ ಕಟ್ಟಿಕೊಂಡಿರಬಹುದು.

ಕರಡಿಗೆ ಹಿಡಿದು ನಿಂತಿದ್ದಾಗ ಮಗಳು ಎದ್ದು ಅತ್ತಳು. ತಿಂಗಳು ತುಂಬದ ಕೂಸು. ಕರಡಿಗೆ ಕೆಳಗಿಟ್ಟು, ಪಕ್ಕದಲ್ಲಿ ಕೂತು ಬೆರಳು ಕೊಟ್ಟೆ, ಬಿಗಿಯಾಗಿ ಹಿಡಿದಳು. ಯಾವ ಕಾಲದಲ್ಲೋ ತಾಯಿಯ ಮೈರೋಮಕ್ಕೆ ಜೋತುಬಿದ್ದ ಮರಿಯ ಹಿಡಿತ ಅದು, ರೋಮ ಹೋದ ಮೇಲೂ ಉಳಿದುಬಂದಿದೆ. ಈಗ ಅದರಿಂದ ಉಪಯೋಗವಿಲ್ಲ ಎಂದು ಪುಸ್ತಕದಲ್ಲಿ ಓದಿದ್ದೇನೆ. ಬಿಡಿಸಿ ಹಾಕಿ ಎಂದು ಮಾತ್ರ ಎಲ್ಲೂ ಓದಿಲ್ಲ.

ಇನ್ನೊಂದು ಕೈಯಲ್ಲಿ ಫೋನ್ ಮಾಡಿದೆ. “ಐನೋರು ಬರ್ಲಿ ದೊಡ್ಡಮ್ಮ. ಆದ್ರೆ ನಾನು ನಂಬಲ್ಲ ಅಂತ ಮೊದ್ಲೇ ಅವ್ರಿಗೆ ಹೇಳ್ಬೇಕು.”

“ಲಿಂಗ ಕಟ್ಟೋದು ಮಗೀಗೆ ಕಣೆ, ನಿಂಗಲ್ಲ.”

ಫೋನ್ ಕೆಳಗಿಟ್ಟೆ. ಮಗಳ ಹಿಡಿತ ತಾನಾಗಿ ಸಡಿಲವಾಗುವವರೆಗೆ, ಫೋನ್ ಬಿಟ್ಟು ಖಾಲಿಯಾದ ಅಂಗೈಯನ್ನು ತೊಡೆಯ ಮೇಲೆ ತೆರೆದಿಟ್ಟು, ಸುಮ್ಮನೆ ಕೂತಿದ್ದೆ.