ಏಳರ ಅಂಕಿಯ ಮೇಲಿನ ಗೀರು

ನಿಮ್ಮ ತಂದೆ ಕಳ್ಳರಲ್ಲ, ಕಸ್ತೂರೆವ್ವ. ಅವರನ್ನು ಕಳ್ಳರನ್ನಾಗಿ ಮಾಡಿದವನು ನಾನು. ತಿಳಿಯದೆ ಅಲ್ಲ, ಕಣ್ಣು ತಪ್ಪಿ ಅಲ್ಲ — ನೋಡಿ, ತಿಳಿದು, ಕೈಯಲ್ಲಿ ಉಕ್ಕಿನ ಮೊನೆ ಹಿಡಿದು ಮಾಡಿದೆ.

ಮೂವತ್ತು ವರ್ಷದ ಹಿಂದಿನ ಮಾತು. ನಾವಿನ್ನೂ ಮುಂಬಯಿ ಸರ್ಕಾರದ ಕೆಳಗಿದ್ದೆವು. ಗಜೇಂದ್ರಗಡದಲ್ಲಿ ನಮ್ಮದು ನೇಕಾರರ ಮನೆ. ನಾನೊಬ್ಬ ಮಾತ್ರ ಮಗ್ಗ ಬಿಟ್ಟು, ಹುಬ್ಬಳ್ಳಿಯಲ್ಲಿ ಗಡಿಯಾರ, ಕ್ಯಾಮೆರಾ ರಿಪೇರಿ ಕಲಿತು ಬಂದಿದ್ದೆ. ನಿಮ್ಮ ತಂದೆ ಶಿವಲಿಂಗಪ್ಪನವರಿಗೆ ರೋಣದ ಬಜಾರದಲ್ಲಿ ಫೋಟೊ ಸ್ಟುಡಿಯೋ ಇತ್ತು. ಅವರ ಕೈಯಲ್ಲಿದ್ದದ್ದು ಯುದ್ಧಕ್ಕೆ ಮೊದಲಿನ ಜರ್ಮನ್ ಕ್ಯಾಮೆರಾ. ಸಣ್ಣ ಕಿಂಡಿಯಲ್ಲಿ ಒಂದೇ ಮುಖ ಎರಡಾಗಿ ಕಾಣುತ್ತದೆ. ಲೆನ್ಸ್ ತಿರುಗಿಸುತ್ತ ಹೋಗಿ ಎರಡೂ ಒಂದಾದವೆಂದರೆ ಫೋಕಸ್ ಕೂಡಿತೆಂದೇ ಅರ್ಥ. ಅಂಥವು ನಮ್ಮ ಕಡೆ ಎರಡೇ ಇದ್ದವು. ಇನ್ನೊಂದು ನರಗುಂದದಲ್ಲಿ ದಲಾಲಿ ವ್ಯಾಪಾರದ ಒಬ್ಬ ಅಡತಿ ಸಾಹುಕಾರರದು.

ಸೇಡಿನ ಕಾರಣ ಹೇಳುತ್ತೇನೆ. ನೆಪವೆಂದಲ್ಲ — ನಿಮಗೆ ಪೂರ್ತಿ ಗೊತ್ತಿರಲಿ ಎಂದು.

ನನ್ನ ತಂಗಿ ಪಾರವ್ವನಿಗೆ ಹೊಳೆಮಣ್ಣೂರಿನ ಒಂದು ಮನೆತನದಿಂದ ಸಂಬಂಧ ಬಂದಿತ್ತು. ಹುಡುಗಿಯ ಫೋಟೊ ಕಳಿಸಿರಿ ಎಂದರು. ನಿಮ್ಮ ತಂದೆಯ ಹತ್ತಿರವೇ ತೆಗೆಸಿದೆವು. ಚೆನ್ನಾಗಿ ಬಂದಿತ್ತು — ಅದೇ ತಪ್ಪಾಯಿತೇನೋ. ಅವರು ನಮ್ಮನ್ನು ಕೇಳದೆ ಅದನ್ನು ದೊಡ್ಡದು ಮಾಡಿ, ಬಜಾರದ ಕಡೆಗಿನ ಗಾಜಿನ ಕಪಾಟಿನಲ್ಲಿ ತೂಗುಹಾಕಿದರು. ಸಂತೆಗೆ ಬಂದ ಗಂಡಿನ ಕಡೆಯವರು ನೋಡಿದರು. "ಬಜಾರದಾಗ ಕುಂತ ಹುಡುಗಿ ನಮಗ ಬ್ಯಾಡ" ಎಂದು ಹೇಳಿಕಳಿಸಿದರು.

ನಾನು ರೋಣಕ್ಕೆ ಓಡಿದೆ. ಕೈಮುಗಿದು, ತೆಗೆಯಿರಿ ಎಂದೆ. ನಿಮ್ಮ ತಂದೆ ನಕ್ಕರು.

"ಚಲೋ ಮಾರಿ ಐತಿ, ನಾಕ ಮಂದಿ ನೋಡ್ಲಿ ಬಿಡೋ ವೀರಭದ್ರಾ. ನೋಡಿದ್ರ ಮಾರಿ ಏನ್ ಸವೀತದೇನು?"

ಆ ನಗು — ಬೆಳಗ್ಗೆ ಕೆಲಸಕ್ಕೆ ಕೂತರೆ ಅದೇ, ಊಟಕ್ಕೆ ಕೂತರೆ ಅದೇ. ಪಾರವ್ವ ಅತ್ತದ್ದನ್ನು ನಾನು ಕಾಣಲಿಲ್ಲ. ಮಗ್ಗದ ಮುಂದೆ ಕೂತಳು, ಅಷ್ಟೇ. ನಾನು ಮಾತ್ರ ಕಾದೆ. ಎರಡು ವರ್ಷ ಕಾದೆ.

ಆಗ ಸಾಹುಕಾರರ ಕ್ಯಾಮೆರಾ ಕಾಣೆಯಾಯಿತು. ಅವರ ಮಗಳ ಮದುವೆಯ ಗದ್ದಲದಲ್ಲಿ. ಫೋಟೊ ತೆಗೆಯಲು ಹೋದವರು ನಿಮ್ಮ ತಂದೆ. ಅವರ ಕ್ಯಾಮೆರಾದ ನಂಬರು ಬೇರೆಯೇ ಇತ್ತು, ಆದರೆ ಸಾಹುಕಾರರಿಗೆ ಅನುಮಾನ — ತನ್ನದನ್ನು ಎಲ್ಲೋ ಮಾರಿ, ನಮ್ಮದಕ್ಕೆ ತನ್ನ ನಂಬರು ಕೆತ್ತಿಸಿಕೊಂಡಿದ್ದಾನೋ? ಮೈ ಹಳೆಯದು, ನಂಬರಿದ್ದ ಮೇಲಿನ ತಗಡು ಮಾತ್ರ ಹೊಸದರ ಹಾಗಿದೆಯಲ್ಲ? ತೀರ್ಪು ಹೇಳಲು ನನ್ನನ್ನು ಕರೆಸಿದರು.

ನರಗುಂದದ ಆ ಪಡಸಾಲೆಯಲ್ಲಿ ಮಧ್ಯಾಹ್ನದ ಬೆಳಕು ಚೆನ್ನಾಗಿತ್ತು. ಐದಾರು ಹಿರಿಯರು ಕೂತಿದ್ದರು. ನಿಮ್ಮ ತಂದೆ ಕಂಬದ ಹತ್ತಿರ ನಿಂತಿದ್ದರು. ನನ್ನನ್ನು ಕಂಡು ಅವರ ಮುಖ ಅರಳಿತು — ಅದನ್ನು ಹೇಗೆ ಬರೆಯಲಿ — ಕಸಬು ಬಲ್ಲವನು ಬಂದ, ಉಳಿದೆ ಎಂಬ ಹಾಗೆ.

"ಕಂಪನಿಯವ್ರೇ ತಗಡು ಬದಲಿ ಮಾಡ್ಯಾರ್ರಿ. ನನಗ ಮಾರಿದ ಎಂಜಿನಿಯರ್ ಸಾಹೇಬ್ರು ಜರ್ಮನಿಗೆ ಕಳ್ಸಿ ಮಾಡಿಸಿದ್ರು. ಇವನ್ನ ಕೇಳ್ರಿ, ಇವಗ ಗೊತ್ತೈತಿ."

ನನಗೆ ಗೊತ್ತಿತ್ತು. ಹಳೆಯ ಕ್ಯಾಮೆರಾ ಕಳಿಸಿದರೆ ಕಾರ್ಖಾನೆಯವರೇ ಮುಂದೆ ನಿಧಾನವೇಗದ ಗುಂಡಿ ಕೂರಿಸಿ, ಫ್ಲ್ಯಾಶಿನ ತಂತಿಗೆ ತೂತು ಕೊರೆದು, ಹೊಸ ತಗಡಿನ ಮೇಲೆ ಹಳೆಯ ನಂಬರನ್ನೇ ಕೆತ್ತಿ ಕೊಡುತ್ತಿದ್ದರು. ಅದಕ್ಕೆ ಗುರುತೂ ಇದೆ. ಕಾರ್ಖಾನೆಯಲ್ಲಿ ಮೊದಲು ಹಿತ್ತಾಳೆಯ ಮೇಲೆ ಅಂಕಿ ಕೆತ್ತಿ, ಆಮೇಲೆ ಬೆಳ್ಳಗಿನ ಲೇಪ ಕೊಡುತ್ತಾರೆ. ಲೇಪ ಅಂಕಿಯ ತಳದವರೆಗೂ ಇಳಿದಿರುತ್ತದೆ. ಕಳ್ಳ ಕೆತ್ತಿದ್ದಾದರೆ ಲೇಪ ಹರಿದು, ತಳದಲ್ಲಿ ಹಳದಿ ಹಿತ್ತಾಳೆ ಕಾಣುತ್ತದೆ.

ಭೂತಗನ್ನಡಿ ಇಟ್ಟು ನೋಡಿದೆ. ಅಂಕಿಯೊಳಗಿನ ಕರಿ ಬಣ್ಣದ ಕೆಳಗೆ ಬೆಳ್ಳಗೆ ಹೊಳೆಯುತ್ತಿತ್ತು. ನಿಮ್ಮ ತಂದೆ ಹೇಳಿದ್ದು ಅಕ್ಷರಶಃ ನಿಜ.

"ಬಣ್ಣ ತಗದ್ ನೋಡ್ಬೇಕ್ರಿ" ಎಂದೆ. ಚೀಲದಿಂದ ಉಕ್ಕಿನ ಮೊನೆ ತೆಗೆದೆ. ಎಲ್ಲರ ಕಣ್ಣೆದುರೇ, ಬಣ್ಣ ಕೆರೆಯುವ ನೆಪದಲ್ಲಿ, ಏಳರ ಅಂಕಿಯ ತಳವನ್ನು ಒತ್ತಿ, ಒತ್ತಿ ಗೀರಿದೆ. ಹಿತ್ತಾಳೆ ಎದ್ದಿತು. ಸಾಹುಕಾರರ ಕೈಗೆ ಭೂತಗನ್ನಡಿ ಕೊಟ್ಟೆ.

"ಹೌದಲ್ಲೋ... ಹಳದಿ ಕಾಣ್ತೈತಿ!"

"ಹೌದ್ರಿ. ಈ ನಂಬರು ಆಮ್ಯಾಲೆ ಕೆತ್ತಿದ್ದು."

ನಿಮ್ಮ ತಂದೆ ನನ್ನ ಕೈಯನ್ನು ನೋಡಿದರು, ಮುಖವನ್ನಲ್ಲ. ಕೈಯ ಕೆಲಸ ಅವರಿಗೆ ಅರ್ಥವಾಗಿತ್ತು. "ವೀರಭದ್ರಾ, ನೀ ಏನ್ ಮಾಡಿದೀ..." ಎಂದರು. ಮುಂದಿನ ಮಾತು ಯಾರಿಗೂ ಬೇಕಿರಲಿಲ್ಲ. ಕ್ಯಾಮೆರಾ ಕಿತ್ತುಕೊಂಡು ಅವರನ್ನು ಹೊರಗೆ ಕಳಿಸಿದರು.

ನನಗೆ ಸುಖವಾಯಿತು, ಕಸ್ತೂರೆವ್ವ. ಸುಳ್ಳು ಹೇಳಲಾರೆ. ರೋಣದ ಬಜಾರದಲ್ಲಿ ಅವರನ್ನು ಕಂಡವರೆಲ್ಲ ಕಳ್ಳ ಎಂದು ತೋರಿಸುತ್ತಾರೆಂದು ಕೇಳಿ, ಈಗ ನಾಕು ಮಂದಿ ನೋಡಲಿ, ಮುಖ ಸವೆಯುತ್ತದೋ ಇಲ್ಲವೋ ಗೊತ್ತಾಗಲಿ ಎಂದುಕೊಂಡೆ. ಮದುವೆಗಳಿಗೆ ಕರೆಯುವವರಿಲ್ಲದೆ ಅವರು ಸ್ಟುಡಿಯೋ ಮುಚ್ಚಿದರು. ನಿಮ್ಮನ್ನು ಕರೆದುಕೊಂಡು ಸೊಲ್ಲಾಪುರದ ಗಿರಣಿಗೆ ಹೋದ ಸುದ್ದಿ ಬಂದ ದಿನ ನಾನು ಪೇಢೆ ತಂದು ಪಾರವ್ವನಿಗೆ ಎಲ್ಲ ಹೇಳಿದೆ. ಹಿಗ್ಗುತ್ತಾಳೆಂದುಕೊಂಡಿದ್ದೆ.

ಅವಳು ಲಾಳಿ ನಿಲ್ಲಿಸಲಿಲ್ಲ. "ನನ್ನ ಹೆಸರ್ಲೆ ಯಾಕ ಮಾಡಿದೀ ಅಣ್ಣಾ? ನಾ ಕೇಳಿದ್ನೇನ?"

ಅಂದೇ ಎದ್ದು ಹೋಗಿ ನಿಜ ಹೇಳಬೇಕಿತ್ತು. ಹೋಗಲಿಲ್ಲ.

ಮರುವರ್ಷ ಸಾಹುಕಾರರ ಕ್ಯಾಮೆರಾ ಅವರ ಅಳಿಯನ ಟ್ರಂಕಿನಲ್ಲೇ ಸಿಕ್ಕಿತು. ಅವರು ನನ್ನನ್ನು ಕರೆಸಿ, "ಆಗಿದ್ದು ಆತು, ಬಾಯಿ ಮುಚ್ಗೊಂಡಿರು. ನಮ್ಮ ಮನಿ ಮರ್ಯಾದಿ" ಎಂದರು. ಅವರ ಮರ್ಯಾದೆಗೆ ಹೆದರಿ ಸುಮ್ಮನಿದ್ದೆನೆಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸಾಹುಕಾರರು ತೀರಿಕೊಂಡರು, ಆಮೇಲೂ ನಾನು ಸುಮ್ಮನೇ ಇದ್ದೆ.

ಈಗ ನಿಮ್ಮ ಪತ್ರ ಬಂದಿದೆ. ನಿಮ್ಮ ಮಗಳಿಗೆ ರೋಣದಿಂದ ಸಂಬಂಧ ಬಂದಿದೆ, "ಆ ಕಳ್ಳ ಫೋಟೊದವನ ಮೊಮ್ಮಗಳೇನು" ಎಂದು ಗಂಡಿನ ಮನೆಯಲ್ಲಿ ಮಾತು ಎದ್ದಿದೆ, ಕೇಳಲು ಅಪ್ಪ ಈಗಿಲ್ಲ, ಅಂದು ಕ್ಯಾಮೆರಾ ನೋಡಿದವರು ನೀವು, ಅವರು ಖರೇ ಕದ್ದಿದ್ದರೇ ಎಂದು ಕೇಳಿದ್ದೀರಿ. ಓದಿದ ಕೂಡಲೇ ನನ್ನ ಮನಸ್ಸಿಗೆ ಬಂದದ್ದೇನು ಗೊತ್ತೆ? — ಈಗ ಸರಿಗೆ ಸರಿ ಆಯಿತು, ಎಂದು. ಒಂದು ಗಳಿಗೆ ಅಷ್ಟೇ. ಆದರೆ ಬಂತು. ಅರವತ್ತು ದಾಟಿದವನ ಎದೆಯಲ್ಲಿ ಇನ್ನೂ ಅಂಥದು ಕೂತಿದೆ ಎಂದು ಕಂಡು ಪೆನ್ನು ಹಿಡಿದೆ.

ಕ್ಷಮಿಸಿ ಎಂದು ಬರೆಯಲು ಹೋಗಿ ಬಿಟ್ಟೆ. ನಿಮ್ಮ ತಂದೆಯ ಮೇಲಿನ ಸಿಟ್ಟು ಪೂರ್ತಿ ಆರಿಲ್ಲ. ಆರಿದ ಮೇಲೆ ಹೇಳುತ್ತೇನೆಂದು ಕೂತರೆ ನಾನು ಹೇಳದೆಯೇ ಸಾಯುತ್ತೇನೆ. ಗಂಡಿನ ಮನೆಯವರ ಹೆಸರು ನಿಮ್ಮ ಪತ್ರದಲ್ಲಿದೆ. ಅವರ ಹಿರಿಯರ ಮುಂದೆ ನಿಂತು, ಏನು ಮಾಡಿದೆ, ಹೇಗೆ ಮಾಡಿದೆ ಎಂದು ಒಂದೂ ಬಿಡದೆ ಹೇಳುತ್ತೇನೆ. ಅವರು ಉಗುಳಿದರೆ ಒರೆಸಿಕೊಳ್ಳುತ್ತೇನೆ. ನೀವು ಅಲ್ಲಿರಬೇಕಾಗಿಲ್ಲ.

ಸೋಮವಾರ ಮೊದಲ ಬಸ್ಸಿಗೆ ಹೊರಡುತ್ತೇನೆ.