ಹಾಡ್ಯಾಡಿ ಅಳೋ ಗ್ಯಾನಮ್ಮ

ನಮ್ಮತ್ತಿ ಗ್ಯಾನಮ್ಮಗ ಸಾವಿನ ಮನಿ ಅಂದ್ರ ತವರಮನಿ ಇದ್ದಂಗ. ತಪ್ಪು ತಿಳೀಬ್ಯಾಡ್ರಿ. ಬಳಗಾನೂರಾಗ ಯಾರರ ಕಣ್ಣು ಮುಚ್ಚಿದ್ರ ಮದಲ ಖಬರು ನಮ್ಮ ಮನೀಗೇ ಬರ್ತಿತ್ತು. ಹಿಟ್ಟಿನ ಕೈ ಸೆರಗಿಗೆ ಒರಸ್ಕೊಂಡು ಆಕಿ ಹೊಂಟೇ ಬಿಡ್ತಿದ್ಲು. ಉಳದ ರೊಟ್ಟಿ ಬಡಿಯೋದು ಸೊಸಿ ಹಣೇಬರ, ಅಂದ್ರ ಈ ಯಮನೂರಮ್ಮಂದು. ನಾ ಗೊಣಗಿದ್ದು ಖರೆ. ಆದ್ರ ಆಕಿ ಅಳೋದು ಕೇಳಿದ್ರ ಆ ಗೊಣಗಾಟ ಮರತು ನಾನೂ ಕೇಳ್ಕೋತ ನಿಲ್ತಿದ್ದೆ.

ಹಾಡ್ಯಾಡಿ ಅಳೋದು ನಮ್ಮ ಕಡಿ ಎಲ್ಲಾ ಹೆಣ್ಮಕ್ಕಳಿಗೂ ಬರ್ತದ. ಸತ್ತವ್ರ ಗುಣ ಒಂದೊಂದೇ ಎತ್ತಿ ರಾಗ ಮಾಡಿ ಅಳೋದು. ನಮ್ಮತ್ತಿ ದಾರಿನೇ ಬ್ಯಾರೆ. ಹೋದಕೂಡ್ಲೆ ಬಾಯಿ ತೆಗೀತಿದ್ದಿಲ್ಲ. ಯಾರು ಕಲ್ಲಾಗಿ ಕುಂತಾರೋ ಅವರ ಮಗ್ಗಲಕ್ಕ ಹೋಗಿ, ಬೆನ್ನ ಮ್ಯಾಲೆ ಕೈ ಇಟ್ಟು ಮೆಲ್ಲಕ ಕೇಳ್ತಿದ್ಲು. ನಿನ್ನ ಏನಂತ ಕರೀತಿದ್ದ, ಕಡೀಕ ಏನು ಉಂಡ, ಯಾವ ಮಾತು ಆಡದಂಗ ಉಳೀತು. ಅವರು ಹೇಳಿದ್ದನ್ನ ಹೇಳಿದಂಗೇ ರಾಗಕ್ಕ ಹಾಕ್ತಿದ್ಲು. ತನ್ನ ಮಾತು ತಾನೇ ಕೇಳಿ ಆ ಜೀವ ಹೋ ಅಂತ ಅಳ್ತಿತ್ತು. ನಮ್ಮ ಹೊಟ್ಯಾಗಿಂದು ಗ್ಯಾನಮ್ಮಗ ಹೆಂಗ ತಿಳೀತದ ಅಂತ ಮಂದಿ ಅಂತಿದ್ರು. ತಿಳಿಯೋದೇನು ಬಂತು, ಕೇಳ್ತಿದ್ಲು, ಅಷ್ಟ.

ಕಾಲುವಿ ನೀರು ದಢೇಸುಗೂರಿಗೆ ಬಂದು ಜ್ವಾಳದ ಹೊಲ ಎಲ್ಲಾ ಗದ್ದಿ ಆದ ಮ್ಯಾಲಿನ ಮಾತು. ಅಲ್ಲಿ ಆದೆಪ್ಪ ಅನ್ನೋ ದೊಡ್ಡ ರೈತ ಗದ್ಯಾಗ ಹಾವು ಕಡದು ಸತ್ತ. ಇನ್ನೂ ಹರೇದ ಗಂಡಸು. ಹೆಂಡತಿ ಕಸ್ತೂರೆಮ್ಮ ಒಂದು ಹನಿ ಕಣ್ಣೀರು ಹಾಕವಲ್ಲಳು ಅಂತ ಆಕಿ ಅತ್ತಿ ವೀರಭದ್ರಮ್ಮ ಬಂಡಿ ಕಳಿಸಿದ್ಲು. ನಾನೂ ಹತ್ತಿದೆ. ನಾವು ಹೋಗೋದ್ರಾಗ ಹೆಣಕ್ಕ ವಿಭೂತಿ ಬಳದು ಗ್ವಾಡಿಗೆ ಆನಿಸಿ ಕೂಡ್ಸಿದ್ರು, ಕುಣಿ ತೋಡಿ ಆಗಿತ್ತು. ಜಲ್ದಿ ಜಲ್ದಿ ಅಂತ ವೀರಭದ್ರಮ್ಮ ಬಾಗಲದಾಗೇ ಹಿಡದು ಮಗನ ಗುಣ ಎಲ್ಲಾ ಹೇಳಿದ್ಲು. ಹೆಂಡತಿಗೆ ಗದರಿಸಿ ಮಾತಾಡಿದವನಲ್ಲ, ಮಸ್ಕಿ ಸಂತಿಗೆ ಹೋದ್ರ ಹೂವು ತರದ ಬಂದವನಲ್ಲ. ಹೆತ್ತವ್ರಿಗೆ ಹೆಗ್ಗಣ ಮುದ್ದು.

ನಮ್ಮತ್ತಿ ಕಸ್ತೂರೆಮ್ಮನ ಬೆನ್ನ ಮ್ಯಾಲೆ ಕೈ ಇಟ್ಲು. ಆ ಹುಡುಗಿ ಬೆಚ್ಚಿ ಮುದುಡಿದ್ಲು. ಸೆರಗು ಸರದು ತೋಳಿನ ಮ್ಯಾಲೆ ಕೊಳ್ಳಿ ಇಟ್ಟ ಕಲಿ ಕಂಡ್ವು, ಹಳೇವು, ಹಸೀವು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇನು? ಈಗ ಕೇಳ್ತಾಳ, ಈಗ ಕೇಳ್ತಾಳ ಅಂತ ಆಕಿ ನಮ್ಮತ್ತಿ ಮಾರಿನೇ ನೋಡಿದ್ಲು. ನಮ್ಮತ್ತಿ ಕೇಳ್ಲಿಲ್ಲ. ಬಾಗಲದಾಗ ದೊಡ್ಡ ಮಂದಿ ನಿಂತಿದ್ರು, ನಾವು ಕುರಿ ಕಾಯೋರ ಮನೀ ಹೆಣ್ಮಕ್ಕಳು. ವೀರಭದ್ರಮ್ಮ ಕೊಟ್ಟ ಮಾತೇ ಎತ್ತಿದ್ಲು, ಹೂವು ತಂದ ಕೈ, ಗದರದ ಬಾಯಿ ಅಂತ.

ಕಸ್ತೂರೆಮ್ಮ ನಕ್ಕಳು. ಹೆಣದ ಮುಂದ, ಹಲ್ಲು ಕಾಣಂಗ ನಕ್ಕಳು. ಮುಗೀತು. ಹುಚ್ಚು ಹಿಡದದ, ಗಾಳಿ ಬಡದದ ಅಂದು ಮಸ್ಕಿಗೆ, ಆಕಿ ತವರಿಗೆ ಅಟ್ಟಿ ಕೈ ತೊಳಕೊಂಡ್ರು. ಅಲ್ಲಿ ಅಣ್ಣತಮ್ಮರು ಹಿತ್ತಲ ಕ್ವಾಣಿ ತೋರ್ಸಿದ್ರು. ಇನ್ನ ಆಕಿ ಏನು ಹೇಳಿದ್ರೂ ಹುಚ್ಚಿ ಮಾತು.

ಆವತ್ತಿಂದ ನಮ್ಮತ್ತಿ ಯಾವ ಸಾವಿನ ಮನ್ಯಾಗೂ ಬಾಯಿ ತೆಗೀಲಿಲ್ಲ. ಕರಿಯಾಕ ಬಂದವ್ರಿಗೆ ಗಂಟಲು ಬಿದ್ದದ ಅಂತಿದ್ಲು. ಒಲಿ ಮುಂದ ಕುಂತು, "ನಾ ನೋಡಿದ್ದೆ ಯಮನೂರಿ, ನೋಡೀನೂ ಹಾಡಿದೆ," ಅಂತಿದ್ಲು. ನನಗ ಸಿಟ್ಟು ಬರ್ತಿತ್ತು. ಕೊಳ್ಳಿ ಇಟ್ಟವ ಮಣ್ಣಾಗ ಆರಾಮ ಕುಂತಾನ, ನೀ ಯಾಕ ಸಾಯಾಕತ್ತಿ ಅಂತ ಬೈತಿದ್ದೆ. ಬೈದ್ರ ಕರಗೋ ಪಾಪ ಅಲ್ಲ ಅದು.

ಸಂತಿ ದಿನ ಬಸ್ ಹತ್ತಿ ಮಸ್ಕಿಗೆ ಹೋಗಾಕತ್ತಿದ್ಲು. ಮದಲ ಸಲ ಕಸ್ತೂರೆಮ್ಮನ ಕಾಲು ಹಿಡದು, ನಿನ್ನ ಸಂಕಟ ನನಗ ತಿಳದದ ತಾಯಿ ಅಂದ್ಲಂತ.

"ಕೇಳದ ಹೆಂಗ ತಿಳೀತು ನಿನಗ?" ಅಂದು ಆಕಿ ಮಾರಿ ತಿರುವಿದ್ಲು.

ಆ ಒಂದು ಮಾತಿಗೆ ನಮ್ಮತ್ತಿ ವಾರಗಟ್ಲೆ ಸರಿಯಾಗಿ ಉಣಲಿಲ್ಲ. ಮುಂದ ಹೋದಾಗೆಲ್ಲಾ ಸುಮ್ಮನ ಕುಂಡ್ರಾಕತ್ತಿದ್ಲು. ತಿಳದದ ಅನ್ನೋ ಮಾತು ಮತ್ತ ಬಾಯಾಗ ಬರ್ಲಿಲ್ಲ. ಕಸ್ತೂರೆಮ್ಮ ಕಾಳು ಹಸನ ಮಾಡಿದ್ರ ಈಕಿನೂ ಮಾಡ್ತಿದ್ಲು, ಎದ್ದು ಹೋದ್ರ ಕುಂತಲ್ಲೇ ಕಾಯ್ತಿದ್ಲು. ಬ್ಯಾಸಗಿ ಕಳದು ಮಳಿ ಬಂದ ಮ್ಯಾಲೆ ಆಕಿ ತಾನಾಗಿ ತೋಳು ಮುಂದ ಚಾಚಿದ್ಲಂತ. ಇದು ಯಾವಾಗಿಂದವ್ವ ಅಂತ ನಮ್ಮತ್ತಿ ಒಂದೊಂದು ಕಲಿ ಮುಟ್ಟಿ ಕೇಳಿದ್ಲು. ಗಂಡ ಸತ್ತಾಗ ಬಾರದ ಅಳು ಆಕಿಗೆ ಅವತ್ತ ಬಂತು. ಏನು ಹೇಳಿದ್ಲು ಅಂತ ನಾ ಎಷ್ಟು ಕೆದಕಿದ್ರೂ ನಮ್ಮತ್ತಿ ಬಾಯಿ ಬಿಡ್ಲಿಲ್ಲ. ಅದು ಆಕಿ ಮಾತು, ಎತ್ತಿದ್ರ ಆಕಿನೇ ಎತ್ತಬೇಕು ಅಂತಿದ್ಲು. ನನ್ನ ತಪ್ಪು ಹೊಟ್ಯಾಗ ಹಾಕ್ಕೋ ಅಂತ ಮಾತ್ರ ಕಸ್ತೂರೆಮ್ಮನ ಮುಂದ ಕೇಳಾಕ ಕಡೀತನ ಆಕಿಗೆ ಧೈರ್ಯ ಸಾಲಲಿಲ್ಲ.

ಕೆಲವು ವರ್ಷ ಆದ ಮ್ಯಾಲೆ ನಮ್ಮತ್ತಿನೂ ಹೋದ್ಲು. ಹೋಗೋ ಮುಂದ, ನನ್ನ ಗುಣ ಯಾರೂ ಎತ್ತಬ್ಯಾಡ್ರಿ ಅಂದಿದ್ಲು. ಅಂಗಳ ತುಂಬ ಮಂದಿ, ವೀರಭದ್ರಮ್ಮನೂ ಬಂದಿದ್ಲು, ಆದ್ರ ಯಾರೂ ರಾಗ ತೆಗೀವಲ್ರು. ಅಷ್ಟ್ರಾಗ ಕಸ್ತೂರೆಮ್ಮ ಮಸ್ಕಿ ಬಸ್ ಇಳದು ಬಂದ್ಲು. ಹುಚ್ಚಿ ಅಂತ ಮಂದಿ ಸರದು ದಾರಿ ಬಿಟ್ರು. ಆಕಿ ನಮ್ಮತ್ತಿ ತಲಿ ಕಡಿ ಕುಂತು, ನಮ್ಮತ್ತಿ ರಾಗದಾಗೇ ಎತ್ತಿದ್ಲು:

"ಸಾರಿಗೆ ಉಪ್ಪು ಕಮ್ಮಿ ಅಂತ ಕೊಳ್ಳಿ ಇಟ್ಟನವ್ವಾ,
ಕಣ್ಣಾರೆ ಕಂಡೂ ನೀ ಹೂವಿನ ಹಾಡು ಹಾಡಿದೆವ್ವಾ.
ತಡಾ ಮಾಡಿ ಬಂದಿ, ತಡಾ ಮಾಡಿ ಕೇಳಿದೆವ್ವಾ,
ಕೇಳಿದಾಕಿ ನೀ ಒಬ್ಬಾಕಿ, ಇನ್ನ ಯಾರಿಗೆ ಹೇಳಲೆವ್ವಾ?"

ಸತ್ತಾಕಿ ತಪ್ಪು ಯಾರರ ಎತ್ತಾರೇನು ಅಂತ ನಾ ಆಕಿ ಬಾಯಿ ಮುಚ್ಚಿಸಾಕ ಎದ್ದಿದ್ದೆ. ವೀರಭದ್ರಮ್ಮ ತಲಿ ಎತ್ತದ ಕುಂತಿದ್ಲು. ನಮ್ಮತ್ತಿ ಇದನ್ನ ಕೇಳಾಕೇ ಇಷ್ಟು ವರ್ಷ ಕಾದಿದ್ಲು ಅನ್ನಿಸ್ತು, ನನ್ನ ಸಿಟ್ಟು ಇಳದುಹೋತು. ಕಸ್ತೂರೆಮ್ಮನ ಮಗ್ಗಲಕ್ಕ ಕುಂತೆ. ಬೆನ್ನ ಮ್ಯಾಲೆ ಕೈ ಇಟ್ಟೆ, ಆಕಿ ಬೆಚ್ಚಲಿಲ್ಲ.

"ನನಗ ಹೇಳವ್ವ," ಅಂದೆ.